ಸ್ವಾಮಿಯ ಅಮ್ಮ, ಮೂಡಲ ಮನೆಯ ನಿರ್ದೇಶಕಿ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಒಂದು ದೊಡ್ಡಮನೆಯಿದೆ. ಮರದ ಕಂಬಗಳು, ಜಗಲಿ, ನಡುವೆ ಆಕಾಶಕ್ಕೆ ತೆರೆದ ಅಂಗಳ. 'ಮಾಲ್ಗುಡಿ ಡೇಸ್' ಧಾರಾವಾಹಿಯ ಬಹುಪಾಲು ಆ ಮನೆಯಲ್ಲಿ, ಆ ಊರಿನ ಬೀದಿಯಲ್ಲಿ ತಯಾರಾಯಿತು. ಹೊಸನಗರ ತಾಲ್ಲೂಕಿನ ಅರಸಾಳಿನ ಪುಟ್ಟ ರೈಲು ನಿಲ್ದಾಣ ಅದರಲ್ಲಿ ಮಾಲ್ಗುಡಿಯ ನಿಲ್ದಾಣವಾಯಿತು. 2020ರಲ್ಲಿ ರೈಲ್ವೆ ಇಲಾಖೆ ಆ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಸಾಗರಕ್ಕೆ ಹೋಗುವ ರೈಲಿನಲ್ಲಿ ಕೂತವರು ಈಗಲೂ ಅರಸಾಳು ಬಂದಾಗ ಕಿಟಕಿಯಿಂದ ಬಗ್ಗಿ ನೋಡುತ್ತಾರೆ.

ಧಾರಾವಾಹಿಯನ್ನು ನಿರ್ದೇಶಿಸಿದ ಶಂಕರ್‌ನಾಗ್ ನಮಗೆ ಗೊತ್ತು. ಅದರಲ್ಲಿನ ತುಂಟ ಹುಡುಗ ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಗೊತ್ತು. ಸ್ವಾಮಿಯ ಅಪ್ಪನಾದ ಗಿರೀಶ್ ಕಾರ್ನಾಡರು ಗೊತ್ತು. ಸ್ವಾಮಿಯ ಅಮ್ಮ ಯಾರು?

ಮುಖ ನೆನಪಿದೆ. ಸಿಟ್ಟಿನ ಅಪ್ಪನಿಗೂ ತುಂಟ ಮಗನಿಗೂ ನಡುವೆ ನಿಂತ ಆ ತಾಯಿ ನೆನಪಿದ್ದಾಳೆ. ಹೆಸರು ಮಾತ್ರ ತಟ್ಟನೆ ಬಾಯಿಗೆ ಬರುವುದಿಲ್ಲ. ಆಕೆ ವೈಶಾಲಿ ಕಾಸರವಳ್ಳಿ. ಮುಂದೆ, ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ, ಸಂಜೆಯಾದರೆ ನಮ್ಮ ಮನೆಗಳಲ್ಲಿ 'ಮೂಡಲ ಮನೆ' ಧಾರಾವಾಹಿ ಹಾಕುತ್ತಿದ್ದೆವಲ್ಲ, ಅದರ ನಿರ್ದೇಶಕಿಯೂ ಅವರೇ.

ನಟಿಯೊಬ್ಬಳು ನಿರ್ದೇಶಕಿಯಾದಾಗ ತನ್ನ ಜೊತೆ ಏನನ್ನು ತರುತ್ತಾಳೆ? ಇದು ಇವತ್ತಿನ ನನ್ನ ಪ್ರಶ್ನೆ. ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸುತ್ತಲೇ ಅದರ ಬಹುಪಾಲು ಇದೆ.

ವೈಶಾಲಿ ಅವರು ಹುಟ್ಟಿದ್ದು 1952ರಲ್ಲಿ, ಕಲಬುರಗಿಯಲ್ಲಿ. ನಟಿಯಾಗಿ ಬೆಳೆದದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ. 1978ರಲ್ಲಿ ಗಿರೀಶ ಕಾಸರವಳ್ಳಿ ಅವರನ್ನು ಮದುವೆಯಾದರು. ಗಿರೀಶರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಆ ಹೊತ್ತಿಗೆ ಅವರ 'ಘಟಶ್ರಾದ್ಧ' ಬಂದು, ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದು, ನಾಡಿನಲ್ಲೆಲ್ಲ ಮಾತಾಗಿತ್ತು. ಆ ಕಥೆ ಬರೆದ ಯು.ಆರ್. ಅನಂತಮೂರ್ತಿ ಅವರೂ ಅದೇ ತಾಲ್ಲೂಕಿನ ಮೇಳಿಗೆಯವರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣ ಗಿರೀಶರಿಗೆ ಸೋದರಮಾವ. ಬಯಲುಸೀಮೆಯ ಹುಡುಗಿ ಸೊಸೆಯಾಗಿ ಬಂದದ್ದು ಇಂಥ ಬಂಧುಬಳಗಕ್ಕೆ. ನಾಟಕ, ಸಿನಿಮಾ, ಸಾಹಿತ್ಯ ಊಟದ ಪಂಕ್ತಿಯಲ್ಲೂ ಚರ್ಚೆಯಾಗುತ್ತಿದ್ದ ಪರಿಸರ ಅದು.

ಆದರೆ ಅವರನ್ನು ಗಂಡನ ಹೆಸರಿನ ಜೊತೆಗಷ್ಟೇ ನೆನೆಯುವ ರೂಢಿ ನಮ್ಮಲ್ಲಿದೆ. ಅದು ನನಗೆ ಸರಿಕಾಣುವುದಿಲ್ಲ. ಮದುವೆಗೆ ಮುಂಚೆಯೇ ಅವರು ರಂಗದ ಮೇಲೆ ನಿಂತ ನಟಿ.

ಎಪ್ಪತ್ತರ ದಶಕದ ಆ ರಂಗಭೂಮಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಮೂರು ನಾಟಕ ಆಡಿಸಿದರು. ಆ ಅಲೆಯಲ್ಲಿ ಹತ್ತಾರು ತಂಡ ಹುಟ್ಟಿದವು. ಯಾರ ಹತ್ತಿರವೂ ದುಡ್ಡಿಲ್ಲ. ಹಗಲು ಬ್ಯಾಂಕು, ಕಾಲೇಜು, ಸರ್ಕಾರಿ ಕಚೇರಿಯ ಕೆಲಸ. ಸಂಜೆ ತಾಲೀಮು. ನಟಿಯಾದವಳು ಪಾತ್ರ ಮಾಡಿ ಮನೆಗೆ ಹೋಗುವಂತಿರಲಿಲ್ಲ. ಸೀರೆ ಹೊಂದಿಸಬೇಕು. ಹರಿದದ್ದು ಹೊಲಿಯಬೇಕು. ಇನ್ನೊಬ್ಬಳಿಗೆ ಬಣ್ಣ ಹಚ್ಚಬೇಕು. ತನ್ನ ದೃಶ್ಯ ಇಲ್ಲದಾಗ ಪಕ್ಕದ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡಬೇಕು. ಅಲ್ಲಿ ನಿಂತು ನೋಡಿದರೆ ನಾಟಕ ಬೇರೆಯಾಗಿಯೇ ಕಾಣುತ್ತದೆ. ಯಾರು ಎಲ್ಲಿ ಎಡವುತ್ತಾರೆ, ಯಾವ ಮಾತಿಗೆ ಉಸಿರು ಸಾಲದು, ಯಾವ ಮೌನ ಹೆಚ್ಚಾಯಿತು, ಎಲ್ಲ ತಿಳಿಯುತ್ತದೆ. ನಿರ್ದೇಶಕಿಯ ಮೊದಲ ಪಾಠಶಾಲೆ ಅದು.

ಕೇಳುಗರೆ, ಇಲ್ಲಿಯವರೆಗೆ ಹೇಳಿದ್ದಿಷ್ಟು. ವೈಶಾಲಿ ಅವರು ಸ್ವಾಮಿಯ ಅಮ್ಮನ ಪಾತ್ರ ಮಾಡಿದ ನಟಿ. ಕಲಬುರಗಿಯಲ್ಲಿ ಹುಟ್ಟಿ ತೀರ್ಥಹಳ್ಳಿಗೆ ಸೊಸೆಯಾಗಿ ಬಂದವರು. ರಂಗದ ಹಿಂದಿನ ಕೆಲಸವನ್ನೂ ಕಲಿಸಿದ ಹವ್ಯಾಸಿ ನಾಟಕಗಳಿಂದ ಹೊರಟವರು. ಈಗ ಅವರಿಗಿಂತ ಮುಂಚೆ ಆ ದಾರಿಯಲ್ಲಿ ನಡೆದ ಒಬ್ಬರನ್ನು ನೋಡೋಣ. ಅವರ ಮುಖ್ಯ ಕೆಲಸಕ್ಕೂ ತೀರ್ಥಹಳ್ಳಿಗೂ ನೇರ ನಂಟಿದೆ.

ಅವರು ಪ್ರೇಮಾ ಕಾರಂತ. ಬಿ.ವಿ. ಕಾರಂತರ ಪತ್ನಿ. ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ರಂಗಶಿಕ್ಷಣ ಪಡೆದರು. 'ಹಂಸಗೀತೆ' ಸಿನಿಮಾಕ್ಕೆ ವಸ್ತ್ರವಿನ್ಯಾಸ ಮಾಡಿದರು. 1979ರಲ್ಲಿ ಬೆಂಗಳೂರಿನಲ್ಲಿ ಮಕ್ಕಳಿಗಾಗಿ ಬೆನಕ ಮಕ್ಕಳ ಕೇಂದ್ರ ಆರಂಭಿಸಿದರು. ಮಕ್ಕಳಿಂದ ನಾಟಕ ಮಾಡಿಸುವುದು ದೊಡ್ಡವರಿಂದ ಮಾಡಿಸುವುದಕ್ಕಿಂತ ಕಷ್ಟ. ಮಗುವಿಗೆ ಹೀಗೆ ನಿಲ್ಲು, ಹಾಗೆ ಅಳು ಎಂದರೆ ಗೊಂಬೆಯ ಹಾಗೆ ಮಾಡಿಬಿಡುತ್ತದೆ. ಅದಕ್ಕೆ ತಾನಾಗಿಯೇ ಅನ್ನಿಸುವಂತೆ ಮಾಡಬೇಕು.

ಅಲ್ಲಿಂದ ಅವರು ಸಿನಿಮಾ ನಿರ್ದೇಶನಕ್ಕೆ ಬಂದರು. ಆರಿಸಿಕೊಂಡ ಕಾದಂಬರಿ 'ಫಣಿಯಮ್ಮ'. ಬರೆದವರು ಎಂ.ಕೆ. ಇಂದಿರಾ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ನಮ್ಮ ಮಲೆನಾಡಿನ ಅಡುಗೆಮನೆ, ಬಚ್ಚಲು, ಹಿತ್ತಿಲುಗಳ ಮಾತು ಅವರ ಬರವಣಿಗೆಯಲ್ಲಿದೆ. ಫಣಿಯಮ್ಮ ಬಾಲ್ಯದಲ್ಲೇ ವಿಧವೆಯಾದವಳು. ಗಂಡ ಅಂದರೇನೆಂದು ತಿಳಿಯುವ ಮುಂಚೆಯೇ ಗಂಡನನ್ನು ಕಳೆದುಕೊಂಡವಳು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮನೆಯ ಮೂಲೆಗೆ ಕೂರಿಸುತ್ತಾರೆ. ಆಕೆ ಇಡೀ ಬಾಳನ್ನು ಅದರಲ್ಲೇ ಕಳೆಯುತ್ತಾಳೆ. ಮುಂದೆ ಅದೇ ಸಂಬಂಧಿಕರಲ್ಲಿ ಇನ್ನೊಬ್ಬ ಎಳೆಯ ವಿಧವೆ, ದಾಕ್ಷಾಯಿಣಿ, ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಆಗ ಹುಡುಗಿಯ ಪರವಾಗಿ ನಿಲ್ಲುವವಳು ಮುದುಕಿ ಫಣಿಯಮ್ಮ.

ಈ ಕಥೆಯಲ್ಲಿ ಗಟ್ಟಿ ಮಾತು ಕಡಿಮೆ. ಫಣಿಯಮ್ಮ ಭಾಷಣ ಮಾಡುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಹಾಗಾದರೆ ಆಕೆಯ ಮನಸ್ಸು ನೋಡುವವರಿಗೆ ಮುಟ್ಟುವುದು ಹೇಗೆ? ಕೆಲಸದ ಮೂಲಕ. ನೀರು ಸೇದುವುದು, ಬಟ್ಟೆ ಹಿಂಡುವುದು, ಮಡಿಕೋಲಿನಿಂದ ಸೀರೆ ಒಣಹಾಕುವುದು. ದಿನ ದಿನವೂ ಅದೇ ಕೈ, ಅದೇ ಕೆಲಸ, ವಯಸ್ಸು ಮಾತ್ರ ಬೇರೆ. ವಸ್ತ್ರವಿನ್ಯಾಸ ಮಾಡಿ ಬಂದ ನಿರ್ದೇಶಕಿಗೆ ಆ ಕೆಂಪು ಸೀರೆ ಬರೀ ಬಟ್ಟೆಯಲ್ಲ, ಹೇಳಬೇಕಾದ ಅರ್ಧ ಕಥೆಯೇ ಅದು. 1983ರಲ್ಲಿ ಬಂದ 'ಫಣಿಯಮ್ಮ' ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಮಲೆನಾಡಿನ ಹೆಂಗಸು ಬರೆದ ಮಲೆನಾಡಿನ ಹೆಂಗಸಿನ ಕಥೆಯನ್ನು ಒಬ್ಬ ಹೆಂಗಸೇ ಸಿನಿಮಾ ಮಾಡಿದ್ದು ನಮ್ಮ ಸೀಮೆಯವರು ಹೆಮ್ಮೆಪಡಬೇಕಾದ ಸಂಗತಿ. ನೋಡದವರಿದ್ದರೆ ದಯವಿಟ್ಟು ನೋಡಿ.

ಪ್ರೇಮಾ ಅವರು ಬಟ್ಟೆಯಿಂದ ನಿರ್ದೇಶನಕ್ಕೆ ಬಂದದ್ದನ್ನು ಕೇಳಿದಿರಿ. ವೈಶಾಲಿ ಅವರ ದಾರಿಯಲ್ಲೂ ಬಟ್ಟೆಗೆ ದೊಡ್ಡ ಜಾಗವಿದೆ.

1997ರ 'ತಾಯಿಸಾಹೇಬ' ಸಿನಿಮಾ. ರಂ.ಶಾ. ಲೋಕಾಪುರ ಅವರ ಕಾದಂಬರಿ ಆಧರಿಸಿದ್ದು. ಜಯಮಾಲಾ ಮುಖ್ಯ ಪಾತ್ರದಲ್ಲಿದ್ದರು. ಅದೂ ಸ್ವರ್ಣಕಮಲ ಗೆದ್ದ ಚಿತ್ರ. ಅದರ ವಸ್ತ್ರವಿನ್ಯಾಸಕ್ಕೆ ವೈಶಾಲಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಕಥೆ ಉತ್ತರ ಕರ್ನಾಟಕದ ಒಂದು ವಾಡೆಯದು. ಸ್ವಾತಂತ್ರ್ಯ ಹೋರಾಟದ ದಿನಗಳಿಂದ ಶುರುವಾಗಿ ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಿಗೆ ಸಾಗುತ್ತದೆ. ಅಂದರೆ ಕಾಲ ಸರಿಯುತ್ತದೆ, ಜನಕ್ಕೆ ವಯಸ್ಸಾಗುತ್ತದೆ, ದೊಡ್ಡಮನೆ ಸೊರಗುತ್ತದೆ. ಇದನ್ನೆಲ್ಲ ಬಟ್ಟೆಯೂ ಹೇಳಬೇಕು. ಆ ಕಡೆಯ ಉಡುಗೆಯೆಂದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಗಂಡಸರಿಗೆ ಧೋತರ, ಪಟಗಾ, ಆ ಕಾಲದ ಖಾದಿ. ನಮ್ಮ ಮಲೆನಾಡಿನಲ್ಲಿ ಗೊಬ್ಬೆ ಕಟ್ಟಿ ಸೀರೆ ಉಡುತ್ತಿದ್ದ ಅಜ್ಜಿಯರನ್ನು ನೋಡಿದವರಿಗೆ ಗೊತ್ತು, ಸೀರೆ ಒಂದೇ ಆದರೂ ಉಡುವ ರೀತಿಯಲ್ಲಿ ಊರು, ಜಾತಿ, ಅಂತಸ್ತು, ವಯಸ್ಸು ಎಲ್ಲ ತಿಳಿದುಬಿಡುತ್ತದೆ. ನೆರಿಗೆ ಎಷ್ಟು, ಸೆರಗು ತಲೆಯ ಮೇಲೋ ಹೆಗಲ ಮೇಲೋ, ಕಚ್ಚೆ ಹಾಕಿದ್ದಾಳೋ ಇಲ್ಲವೋ.

ಇನ್ನೊಂದು ಕೆಲಸವಿದೆ, ಹೊರಗಿನವರಿಗೆ ಗೊತ್ತಾಗದ್ದು. ಹೊಸ ಸೀರೆಯನ್ನು ಹಳೆಯದು ಮಾಡುವ ಕೆಲಸ. ಅಂಗಡಿಯಿಂದ ತಂದ ಸೀರೆ ಗಂಜಿ ಹಾಕಿದ ಹಾಗೆ ನಿಲ್ಲುತ್ತದೆ. ಅದನ್ನು ಹಾಗೇ ಉಡಿಸಿದರೆ ನಟಿ ಸೀರೆ ಅಂಗಡಿಯ ಗೊಂಬೆಯಾಗುತ್ತಾಳೆ. ಮತ್ತೆ ಮತ್ತೆ ಒಗೆಯಬೇಕು. ಚಹಾದ ನೀರಿನಲ್ಲಿ ಅದ್ದಿ ಬಿಳುಪು ಕೊಲ್ಲಬೇಕು. ಕೈ ಒರೆಸುವ ಕಡೆ, ಸೊಂಟಕ್ಕೆ ಸಿಕ್ಕಿಸುವ ಕಡೆ ಉಜ್ಜಿ ಬಣ್ಣ ತೆಗೆಯಬೇಕು. ಎಲ್ಲೆಲ್ಲಿ ಸವೆಯುತ್ತದೆ ಎಂದು ಹೇಗೆ ತಿಳಿಯುತ್ತದೆ? ಆ ಪಾತ್ರ ದಿನವಿಡೀ ಏನು ಮಾಡುತ್ತದೆ ಎಂದು ಯೋಚಿಸಿದವರಿಗೆ ಮಾತ್ರ ತಿಳಿಯುತ್ತದೆ. ಆ ಯೋಚನೆ ನಟಿಯದು. ಪಾತ್ರವನ್ನು ಒಳಗಿನಿಂದ ನೋಡಿ ರೂಢಿಯಾದವರಿಗೆ ಬಟ್ಟೆ ಎಲ್ಲಿ ಹರಿಯುತ್ತದೆ ಎಂಬುದೂ ಕಾಣುತ್ತದೆ.

ನಟಿ ವಸ್ತ್ರವಿನ್ಯಾಸಕ್ಕೆ ಬಂದು, ಪಾತ್ರದ ಹೊರಗೂ ಒಳಗೂ ಕೈಯಾಡಿಸಿ ಆಯಿತು. ಇನ್ನು ನಿರ್ದೇಶಕಿಯ ಜಾಗ. ಅಲ್ಲಿಗೆ ಹೋಗುವ ಮುಂಚೆ ಹೊರಗಿನ ಪ್ರಪಂಚದ ಕಡೆ ಒಮ್ಮೆ ಕಣ್ಣು ಹಾಯಿಸುತ್ತೇನೆ, ಬೇಗ ಮರಳುತ್ತೇನೆ.

ಇಡಾ ಲುಪಿನೊ ಎಂಬ ನಟಿಯಿದ್ದರು. 1918ರಲ್ಲಿ ಲಂಡನ್ನಿನಲ್ಲಿ, ರಂಗಕಲಾವಿದರ ಮನೆತನದಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗಿ ಹಾಲಿವುಡ್ಡಿನಲ್ಲಿ ಹೆಸರು ಮಾಡಿದರು. 1949ರಲ್ಲಿ ಅವರದೇ ಸಂಸ್ಥೆಯ ಸಿನಿಮಾ ತಯಾರಾಗುತ್ತಿದ್ದಾಗ ನಿರ್ದೇಶಕರಿಗೆ ಹೃದಯಾಘಾತವಾಯಿತು. ಇಡಾ ತಾವೇ ಮುಂದೆ ನಿಂತು ಚಿತ್ರ ಮುಗಿಸಿದರು. ತೆರೆಯ ಮೇಲೆ ನಿರ್ದೇಶಕಿಯೆಂದು ಹೆಸರು ಹಾಕಿಕೊಳ್ಳಲಿಲ್ಲ. ಆಮೇಲೆ ಸ್ವಂತ ಹೆಸರಿನಲ್ಲೇ ಹಲವು ಚಿತ್ರ ಮಾಡಿದರು. ಅಲ್ಲಿಂದ ಮುಂದೆ ಅವರಿಗೆ ನಿರ್ದೇಶನದ ಕೆಲಸ ಹೆಚ್ಚಾಗಿ ಸಿಕ್ಕಿದ್ದು ಟೆಲಿವಿಷನ್ನಿನಲ್ಲಿ. ದೊಡ್ಡ ತೆರೆಯ ಹಣದವರು ಹೆಂಗಸಿನ ಕೈಗೆ ಸಿನಿಮಾ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲ. ಸಣ್ಣ ತೆರೆ ಅಷ್ಟು ಯೋಚಿಸಲಿಲ್ಲ.

ನಮ್ಮಲ್ಲೂ ಸುಮಾರಾಗಿ ಹಾಗೇ ಆಯಿತು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ 'ಸ್ಪಂದನ' ತಂಡ ಕಟ್ಟಿ, 'ಕರಿಮಾಯಿ', 'ಲಕ್ಷಾಪತಿ ರಾಜನ ಕಥೆ'ಯಂಥ ನಾಟಕಗಳನ್ನು ನಿರ್ದೇಶಿಸಿದರು. ಸಿನಿಮಾದಲ್ಲಿ ಮಾತ್ರ ಅವರನ್ನು ನಟಿಯಾಗಿ, ಗಾಯಕಿಯಾಗಿ, ಬೇರೆ ನಾಯಕಿಯರಿಗೆ ದನಿ ಕೊಟ್ಟವರಾಗಿ ನೋಡಿದೆವು, ಕೇಳಿದೆವು. ರಂಗಭೂಮಿಯಲ್ಲಿ ನಿರ್ದೇಶಕಿಯನ್ನು ಒಪ್ಪಿದ ನಾಡು ಸಿನಿಮಾದಲ್ಲಿ ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ವೈಶಾಲಿ ಅವರಿಗೂ ನಿರ್ದೇಶನದ ಬಾಗಿಲು ತೆರೆದದ್ದು ಟೆಲಿವಿಷನ್. ಈಟಿವಿ ಕನ್ನಡದಲ್ಲಿ ಬಂದ 'ಮೂಡಲ ಮನೆ', ಆಮೇಲೆ 'ಮುತ್ತಿನ ತೋರಣ'.

ಧಾರಾವಾಹಿಯೆಂದರೆ ಮೂಗು ಮುರಿಯುವವರು ಬಹಳ. ಆ ಅಸಡ್ಡೆಯನ್ನು ನಾನು ಒಪ್ಪುವುದಿಲ್ಲ. ದಿನದ ಧಾರಾವಾಹಿ ನಿರ್ದೇಶನ ಎಷ್ಟು ಕಠಿಣ ಎಂದು ಸ್ವಲ್ಪ ಹೇಳುತ್ತೇನೆ, ಕೇಳಿ.

ಒಂದು ಕಂತು ಸುಮಾರು ಇಪ್ಪತ್ತು ನಿಮಿಷ. ವಾರಕ್ಕೆ ಐದು ಕಂತು. ವಾರದ ಕಂತುಗಳನ್ನು ಸೇರಿಸಿದರೆ ಒಂದೂವರೆ ಗಂಟೆಗೂ ಮೇಲಾಗುತ್ತದೆ. ಅಂದರೆ ಒಂದು ಪೂರ್ತಿ ಸಿನಿಮಾದಷ್ಟು, ಪ್ರತಿ ವಾರ. ಕಂತು ಪ್ರಸಾರಕ್ಕೆ ಹೋಗುವ ಗಡುವು ಮೀರುವಂತಿಲ್ಲ. ಮಳೆ ಬಂದರೂ, ನಟನಿಗೆ ಜ್ವರ ಬಂದರೂ ನಾಳೆಯ ಕಂತು ನಾಳೆಗೆ ಬೇಕು. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಅಡುಗೆಮನೆಯಲ್ಲಿ ನಡೆಯುವ ದೃಶ್ಯಗಳೆಲ್ಲ ಒಂದೇ ದಿನ, ಪಡಸಾಲೆಯವೆಲ್ಲ ಇನ್ನೊಂದು ದಿನ. ಬೆಳಿಗ್ಗೆ ಸೊಸೆ ಅತ್ತೆಯ ಜೊತೆ ಜಗಳವಾಡುತ್ತಾಳೆ, ಮಧ್ಯಾಹ್ನ ಆ ಜಗಳಕ್ಕೆ ಮುಂಚಿನ ನಗು ನಗಬೇಕು. ನಟಿಗೆ ತಾನು ಕಥೆಯ ಯಾವ ಜಾಗದಲ್ಲಿದ್ದೇನೆಂದು ತಿಳಿಯದೆ ಗಾಬರಿಯಾಗುತ್ತದೆ. ಅವಳನ್ನು ಕೈಹಿಡಿದು ಆ ಜಾಗಕ್ಕೆ ಕರೆದೊಯ್ಯುವವರು ನಿರ್ದೇಶಕರು. ಆ ಗಾಬರಿಯನ್ನು ತಾವೇ ಅನುಭವಿಸಿದವರಿಗೆ ಏನು ಹೇಳಬೇಕೆಂದು ಗೊತ್ತಿರುತ್ತದೆ.

ಒಂದು ದೃಶ್ಯ ಊಹಿಸಿಕೊಳ್ಳಿ. ಉತ್ತರ ಕರ್ನಾಟಕದ ಅಡುಗೆಮನೆ. ಒಲೆಯ ಮುಂದೆ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಮೈದುನ ಬಂದು ಆಸ್ತಿ ಪಾಲಿನ ಮಾತು ತೆಗೆಯುತ್ತಾನೆ. ರೊಟ್ಟಿ ಬಡಿಯುವ ಸದ್ದು ತಾಳದ ಹಾಗೆ ಒಂದೇ ಸಮ ಬರುತ್ತಿರುತ್ತದೆ. ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲಿ ಕೈ ನಿಲ್ಲಬೇಕೆ? ನಿಂತರೆ ಎಷ್ಟು ಹೊತ್ತು? ಅಥವಾ ನಿಲ್ಲದೆ, ಬಡಿತ ಒಂದಿಷ್ಟು ಜೋರಾಗಬೇಕೆ? ಕೈ ನಿಂತರೆ ಆಕೆಗೆ ಆಘಾತವಾಯಿತು ಎಂದಾಗುತ್ತದೆ. ಜೋರಾದರೆ ಇದು ಬರುತ್ತದೆಂದು ಮೊದಲೇ ಗೊತ್ತಿತ್ತು, ಸಿಟ್ಟಿದೆ ಎಂದಾಗುತ್ತದೆ. ಬರೆದವರು ಇದನ್ನು ಬರೆದಿರುವುದಿಲ್ಲ. ಕ್ಯಾಮೆರಾದವರು ಹೇಳುವುದಿಲ್ಲ. ತೀರ್ಮಾನ ನಟಿ ಮತ್ತು ನಿರ್ದೇಶಕಿಯ ನಡುವೆ ಆಗಬೇಕು. ಕೇಳುಗರೆ, ಬಾನುಲಿ ನಾಟಕದಲ್ಲಿ ಈ ಸದ್ದೊಂದೇ ಇರುತ್ತದಲ್ಲ, ಆಗಲೂ ನಿಮಗೆ ಆ ಹೆಂಗಸಿನ ಮನಸ್ಸು ಗೊತ್ತಾಗುತ್ತದೆ.

'ಮೂಡಲ ಮನೆ'ಯ ದೊಡ್ಡ ಗುಣ ಅದರ ಭಾಷೆ. ಉತ್ತರ ಕರ್ನಾಟಕದ ಕೂಡುಕುಟುಂಬದ ಕಥೆಯನ್ನು ಆ ಕಡೆಯ ಮಾತಿನಲ್ಲೇ ಹೇಳಿದರು. ಅಲ್ಲಿಯವರೆಗೆ ಟೆಲಿವಿಷನ್ನಿನಲ್ಲಿ ಆ ಮಾತು ಹೆಚ್ಚಾಗಿ ನಗಿಸುವುದಕ್ಕೆ ಬಳಕೆಯಾಗುತ್ತಿತ್ತು. ಇಲ್ಲಿ ಆ ಮಾತಿನಲ್ಲಿ ಅತ್ತರು, ಬೈದರು, ತಾಯಿ ಮಗಳಿಗೆ ಬುದ್ಧಿ ಹೇಳಿದಳು. ಹೆಸರನ್ನೂ ಬೇಂದ್ರೆಯವರ ಬೆಳಗಿನ ಕವಿತೆಯಿಂದ ತೆಗೆದುಕೊಂಡರು. ಸಾಗರದ ಸೀಮೆಯ ಹವ್ಯಕ ಮಾತಾಡುವ ಮನೆಯಲ್ಲೂ, ತೀರ್ಥಹಳ್ಳಿಯ ಗೌಡರ ಮನೆಯಲ್ಲೂ ಅದನ್ನು ಕೂತು ನೋಡಿದರು. ಮೊದಮೊದಲು ಕೆಲವು ಮಾತು ಅರ್ಥವಾಗುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಎಲ್ಲ ತಿಳಿಯಿತು. ಕಲಬುರಗಿಯಲ್ಲಿ ಹುಟ್ಟಿ ಮಲೆನಾಡಿನ ಸೊಸೆಯಾದವರು ಈ ಕೆಲಸಕ್ಕೆ ತಕ್ಕ ವ್ಯಕ್ತಿ ಎಂದು ನನಗೆ ಅನ್ನಿಸುತ್ತದೆ. ಎರಡು ಸೀಮೆಯ ಕಿವಿಯೂ ಅವರಿಗಿತ್ತು. ನನ್ನನ್ನು ಕೇಳಿದರೆ, 'ಮೂಡಲ ಮನೆ'ಗೆ ಕನ್ನಡದ ಒಳ್ಳೆಯ ಸಿನಿಮಾಗಳ ಸಾಲಿನಲ್ಲೇ ಜಾಗ ಕೊಡಬೇಕು.

ವೈಶಾಲಿ ಕಾಸರವಳ್ಳಿ 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆಗ ಅವರಿಗೆ 58 ವರ್ಷ. ನಿರ್ದೇಶಕಿಯಾಗಿ ಕೈ ಪಳಗಿದ್ದ ಹೊತ್ತು. ಆ ನಷ್ಟ ದೊಡ್ಡದು.

ನಟಿಯಾಗಿ, ವಸ್ತ್ರವಿನ್ಯಾಸಕಿಯಾಗಿ, ನಿರ್ದೇಶಕಿಯಾಗಿ ಅವರು ನಡೆದ ದಾರಿ ಇದು. ಆ ದಾರಿಯಲ್ಲಿ ಈಗ ಅವರ ಮಗಳು ನಡೆಯುತ್ತಿದ್ದಾರೆ. ಕೊನೆಯದಾಗಿ ಆ ಮಗಳ ಬಗ್ಗೆ ಎರಡು ಮಾತು.

ಅನನ್ಯಾ ಕಾಸರವಳ್ಳಿ ಕೂಡ ಮೊದಲು ನಟಿ. ಭೈರಪ್ಪನವರ ಕಾದಂಬರಿ ಆಧರಿಸಿ ಗಿರೀಶರು ಮಾಡಿದ 'ನಾಯಿ ನೆರಳು' ಚಿತ್ರದಲ್ಲಿ ಅವರನ್ನು ನೋಡಿದ್ದೀರಿ. ಧಾರಾವಾಹಿಗಳಲ್ಲೂ ನಟಿಸಿದರು. ಆಮೇಲೆ ಚೆನ್ನೈನಲ್ಲಿ ನಿರ್ದೇಶನ ಕಲಿತರು. 2016ರಲ್ಲಿ ಅವರ ಮೊದಲ ಸಿನಿಮಾ 'ಹರಿಕಥಾ ಪ್ರಸಂಗ' ದಕ್ಷಿಣ ಕೊರಿಯದ ಬುಸಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಕಥೆ ಗೋಪಾಲಕೃಷ್ಣ ಪೈ ಅವರದು.

ವಸ್ತು ಏನು ಗೊತ್ತೆ? ಯಕ್ಷಗಾನದ ಸ್ತ್ರೀವೇಷಧಾರಿ. ಹರಿ ಎಂಬ ಕಲಾವಿದ. ರಂಗದ ಮೇಲೆ ಹೆಣ್ಣಾಗಿ ಮೆರೆಯುತ್ತಾನೆ. ಬಣ್ಣ ತೆಗೆದ ಮೇಲೂ ಆ ಹೆಣ್ಣು ಅವನನ್ನು ಬಿಡುವುದಿಲ್ಲ. ಊರು, ಮನೆ, ಮೇಳ ಅವನನ್ನು ಒಪ್ಪಿಕೊಳ್ಳಲಾರದೆ ಒದ್ದಾಡುತ್ತವೆ.

ಈ ಮೂರು ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಗದ್ದೆಬಯಲಿನಲ್ಲಿ ಆಟ ನೋಡಿ ಬೆಳೆದವರು ನಾವು. ಹೊಸನಗರದ ಹೆಸರಿನಲ್ಲೇ ಮೇಳವಿತ್ತು. ಸ್ತ್ರೀವೇಷದ ಕಲಾವಿದನನ್ನು ರಾತ್ರಿಯಿಡೀ ದಮಯಂತಿ ಎಂದು, ದಾಕ್ಷಾಯಿಣಿ ಎಂದು ನಂಬಿ ಕಣ್ಣೀರು ಹಾಕಿದವರು ನಮ್ಮ ಅಜ್ಜಿಯರು. ಬೆಳಿಗ್ಗೆ ಅದೇ ಕಲಾವಿದ ಬಸ್ ನಿಲ್ದಾಣದಲ್ಲಿ ಸಿಕ್ಕರೆ ಅವನ ನಡಿಗೆ ನೋಡಿ ನಕ್ಕವರೂ ನಮ್ಮ ಊರಿನವರೇ. ಆ ನಗು ಅವನಿಗೆ ಎಷ್ಟು ನೋಯಿಸುತ್ತಿತ್ತು ಎಂದು ಕೇಳಿದವರು ಕಡಿಮೆ. ಅನನ್ಯಾ ಆ ಪ್ರಶ್ನೆ ಕೇಳಿದ್ದಾರೆ.

ಈ ಪಾತ್ರ ಮಾಡಿಸುವುದು ಸಾಮಾನ್ಯ ಕೆಲಸವಲ್ಲ. ನಟನೊಬ್ಬ ಗಂಡಸಾಗಿ ನಟಿಸಬೇಕು. ಆ ಗಂಡಸು ಯಕ್ಷಗಾನದ ಕಟ್ಟುನಿಟ್ಟಿನ ಕುಣಿತದಲ್ಲಿ ಹೆಣ್ಣಾಗಬೇಕು. ಆಮೇಲೆ ಚೌಕಿಯಿಂದ ಹೊರಗೆ ಬಂದಾಗ, ವೇಷ ಕಳಚಿದ್ದರೂ, ಕತ್ತಿನ ಕೊಂಕಿನಲ್ಲಿ, ಲುಂಗಿ ಹಿಡಿಯುವ ಬೆರಳಲ್ಲಿ ಆ ಹೆಣ್ಣು ಸ್ವಲ್ಪ ಉಳಿದಿರಬೇಕು. ಹೆಚ್ಚಾದರೆ ಅಣಕವಾಗುತ್ತದೆ. ಕಡಿಮೆಯಾದರೆ ಕಥೆಯೇ ಇಲ್ಲ. ಆ ಅಳತೆಯನ್ನು ನಟನ ಪಕ್ಕದಲ್ಲಿ ನಿಂತು ಹಿಡಿಯಲು, ಕ್ಯಾಮೆರಾದ ಮುಂದೆ ತಾನೂ ನಿಂತ ಅನುಭವ ಬೇಕು. ಹೆಣ್ಣಿನ ಪಾತ್ರವನ್ನು ಗಂಡಸು ಮಾಡುತ್ತಿದ್ದ ಕಾಲವಿತ್ತು. ಹೆಣ್ಣು ತಾನೇ ರಂಗಕ್ಕೆ ಬಂದ ಕಾಲ ಬಂತು. ಈಗ ಹೆಣ್ಣಿನ ವೇಷ ಹಾಕುವ ಗಂಡಸಿನ ಮನಸ್ಸನ್ನು ಒಬ್ಬ ನಟಿ, ನಿರ್ದೇಶಕಿಯಾಗಿ ನಿಂತು, ನಮಗೆ ತೋರಿಸುತ್ತಿದ್ದಾರೆ.

ಈ ದಾರಿ ಒಂದು ಮನೆಯವರದಷ್ಟೇ ಅಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ 1980ರಿಂದ ವರ್ಷವರ್ಷವೂ ಹುಡುಗಿಯರು ಬಂದು ಕಲಿಯುತ್ತಿದ್ದಾರೆ. ಹಲವರು ನೀನಾಸಂನ ತಿರುಗಾಟ ತಂಡದಲ್ಲಿ ಊರೂರು ಸುತ್ತಿ ಪಾತ್ರ ಮಾಡಿದ್ದಾರೆ. ಆಮೇಲೆ ತಮ್ಮ ಊರಿನ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಮಾಡಿಸುತ್ತಿದ್ದಾರೆ. ನಿಮ್ಮ ಮಗುವಿನ ಶಾಲೆಯ ವಾರ್ಷಿಕೋತ್ಸವದ ನಾಟಕವನ್ನೂ ಅಂಥವರೊಬ್ಬರು ಆಡಿಸಿರಬಹುದು. ಈ ಸಲ ನಾಟಕ ಮುಗಿದ ಮೇಲೆ ರಂಗದ ಹಿಂದಕ್ಕೆ ಹೋಗಿ ಅವರ ಹೆಸರು ಕೇಳಿ. ಯಾವ ಪಾತ್ರ ಮಾಡಿ ಇಲ್ಲಿಗೆ ಬಂದರೆಂದೂ ಕೇಳಿ. ಹೇಳುತ್ತಾರೆ.